ತಗಡಪ್ಪನ ಅಂದಚಂದ

ಜೂನ್ ೨, ಸೋಮವಾರ

ನಮ್ಮ ಹಳೆಯ ವ್ಯಾನು ಇಂದು ಬೆಳಿಗ್ಗೆ ಅಂಗಡಿಯ ಬಾಗಿಲಲ್ಲೇ ಕಾಲವಾಯಿತು. ಮೆಕ್ಯಾನಿಕ್ಕು ಬಂದು ಬಾನೆಟ್ ಎತ್ತಿ ಒಳಗೆ ಇಣುಕಿದ, ಮೆಲ್ಲಗೆ ಇಳಿಸಿದ, ತಲೆಯ ಟೋಪಿ ತೆಗೆದ. ಅಮ್ಮ, ತಂಗಿ, ನಾನು ಮೂವರೂ ಗೌರವದಿಂದ ಎದ್ದು ನಿಂತೆವು. ಅವನು ಟೋಪಿ ತೆಗೆದದ್ದು ತಲೆ ಕೆರೆದುಕೊಳ್ಳುವುದಕ್ಕೆಂದು ಆಮೇಲೆ ತಿಳಿಯಿತು. ಆದರೂ ನಿಂತದ್ದು ವ್ಯರ್ಥವಾಗಲಿಲ್ಲ. "ಇನ್ನು ಇದರಿಂದ ಏನೂ ಆಗಲ್ಲ ಸಾರ್," ಎಂದುಬಿಟ್ಟ.

ವ್ಯಾನಿಲ್ಲದ ಕನ್ನಡಿ ಅಂಗಡಿ ಎಂದರೆ ಕಾಲಿಲ್ಲದ ಮಂಚ. ಅಂಗೈಯಗಲದ ಕನ್ನಡಿಯನ್ನಾದರೆ ಗಿರಾಕಿ ಚೀಲದಲ್ಲಿ ಹಾಕಿಕೊಂಡು ಹೋಗುತ್ತಾನೆ. ಆಳೆತ್ತರದ್ದನ್ನು ನಾವೇ ಮುಟ್ಟಿಸಿ, ಗೋಡೆಗೆ ಕೂರಿಸಿ ಬರಬೇಕು. ಒಯ್ಯುವುದು, ಕೂರಿಸುವುದು ತಂಗಿಯ ಇಲಾಖೆ. ಗಾಜು ಕತ್ತರಿಸುವುದು, ಗಲ್ಲಾಪೆಟ್ಟಿಗೆಯ ಮುಂದೆ ಕೂರುವುದು ನನ್ನದು. ಮೊದಲು ನಾನೂ ಹೊರಗೆ ಹೋಗುತ್ತಿದ್ದೆ. ಆಗ ಗಲ್ಲಾದಲ್ಲಿ ನನ್ನವಳು ಕೂರುತ್ತಿದ್ದಳು. ಅವಳು ತೀರಿಹೋದಮೇಲೆ ಆ ಸ್ಟೂಲಿನಲ್ಲಿ ಯಾರಾದರೂ ಕೂರಬೇಕಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ತಂಗಿ ವಿಷಯ ಎತ್ತಿದಳು. ಪಕ್ಕದ ಊರಿನ ಗಾಜಿನ ಕಾರ್ಖಾನೆಯವರು ಅವಳನ್ನು ಕರೆಯುತ್ತಿದ್ದಾರಂತೆ, ಅವರ ಲಾರಿಗಳ ಉಸ್ತುವಾರಿಗೆ. ಈ ತಿಂಗಳ ಕೊನೆಗೆ ಉತ್ತರ ಹೇಳಬೇಕಂತೆ.

"ನೋಡಣ್ಣ, ಒಂದು ಒಳ್ಳೇ ಗಾಡಿ ತಗೊಂಡು ಅಂಗಡೀನ ನೆಟ್ಟಗೆ ನಡೆಸೋಣ ಅಂದ್ರೆ ನಾನು ಇಲ್ಲೇ ಇರ್ತೀನಿ. ಬಾಡಿಗೆ ಗಾಡೀಲಿ ಕನ್ನಡಿ ಹೇರಿಕೊಂಡು ದಾರಿಯುದ್ದಕ್ಕೂ ಉಸಿರು ಬಿಗಿಹಿಡಿದು ಕೂರೋದು ನನ್ನ ಕೈಲಾಗಲ್ಲ. ತಿಂಗಳ ಕೊನೆಗೆ ನೀನು ಹೂಂ ಅಂದ್ರೆ ಹೂಂ. ಉಹೂಂ ಅಂದ್ರೆ ನಾನು ಹೊರಟೆ."

"ನಾನೂ ಹೊರಟೆ," ಎಂದಳು ಅಮ್ಮ.

"ನೀನ್ಯಾಕಮ್ಮ?"

"ಇವಳಿಗೆ ಅಡುಗೆ ಬರಲ್ಲ, ಜೊತೆಗೆ ಹೋಗಿ ಕಲಿಸ್ಬೇಕು. ನಿನಗೆ ಮಾತು ಬರಲ್ಲ. ಅದನ್ನ ಕಲಿಸೋ ವಯಸ್ಸು ನನಗೆ ದಾಟಿಹೋಯ್ತು."

ಹೋಗುವವರು ಹೋಗಲಿ. ನನಗೇನು? ಅಂಗಡಿ ತುಂಬ ಕನ್ನಡಿಗಳಿವೆ. ಎತ್ತ ನೋಡಿದರೂ ನಾನೇ ಇರುತ್ತೇನೆ. ಇದಕ್ಕಿಂತ ತುಂಬಿದ ಮನೆ ಯಾರಿಗುಂಟು?

ಜೂನ್ ೫, ಗುರುವಾರ

ಗಾಡಿ ಬಂತು. ತಂದವನು ಅದನ್ನು ಗಾಡಿ ಎಂದ, ಅದಕ್ಕೆ ನಾನೂ ಹಾಗೇ ಬರೆಯುತ್ತಿದ್ದೇನೆ.

ತಂಗಿ ಎಲ್ಲೋ ನೋಡಿ ಮೆಚ್ಚಿಕೊಂಡು ಬಂದ ಹೊಸ ಮಾದರಿಯ ಪಿಕಪ್. ತಿಂಗಳ ಕೊನೆಯವರೆಗೆ ಪರೀಕ್ಷೆಗೆಂದು ಬಿಟ್ಟಿದ್ದಾರೆ. ಇಷ್ಟು ಉದಾರವಾಗಿ ಬಿಟ್ಟುಹೋಗುವುದನ್ನು ನೋಡಿದರೆ ಅವರಿಗೂ ಅದನ್ನು ಮನೆಯಲ್ಲಿಟ್ಟುಕೊಳ್ಳಲು ಇಷ್ಟವಿಲ್ಲವೆಂದು ತೋರುತ್ತದೆ.

ಪಿಕಪ್ ಎಂದರೆ ಮುಂದೆ ಮೂಗು, ನಡುವೆ ತಲೆ, ಹಿಂದೆ ತೊಟ್ಟಿ. ಇದು ಲೋಕರೂಢಿ. ಇದಕ್ಕೆ ಮೂಗೇ ಇಲ್ಲ. ಗಲ್ಲದಿಂದ ನೆತ್ತಿಯವರೆಗೆ ಒಂದೇ ಇಳಿಜಾರು. ಬಣ್ಣವಿಲ್ಲ, ಬರೀ ಹೊಳೆಯುವ ಉಕ್ಕಿನ ತಗಡು. ಎಲ್ಲೂ ಒಂದು ದುಂಡಗಿನ ಅಂಚಿಲ್ಲ. ಯಾರೋ ಒಂದು ದೊಡ್ಡ ತಗಡನ್ನು ಲಕೋಟೆಯ ಹಾಗೆ ಮಡಿಚಿ, ವಿಳಾಸ ಬರೆಯಲು ಮರೆತು, ನಮ್ಮ ಬಾಗಿಲಿಗೆ ಹಾಕಿ ಹೋದಂತಿದೆ.

ಇಷ್ಟಕ್ಕೇ ಮುಗಿಯಲಿಲ್ಲ. ಒಳಗೆ ಒಂದೇ ಸಾಲಿನಲ್ಲಿ ಮೂರು ಸೀಟು. ಓಡಿಸುವವರು ಕೂರುವುದು ನಡುವಿನದರಲ್ಲಿ! ಆಚೆಗೊಬ್ಬರು, ಈಚೆಗೊಬ್ಬರು, ಮಧ್ಯೆ ಡ್ರೈವರು. ಮದುವೆಯ ಫೋಟೋಗೆ ಕೂತ ಹಾಗೆ.

ಮಾರಲು ಬಂದವನು ಸದಾ ನಗುತ್ತಲೇ ಇರುತ್ತಾನೆ. ಬೈದರೂ ನಗುತ್ತಾನೆ. ಅವನಿಗೆ ನಗುಮೊಗ ಎಂದು ಹೆಸರಿಟ್ಟಿದ್ದೇನೆ. ನಗುಮೊಗ ತುಂಬ ಹೊತ್ತು ವಿವರಿಸಿದ. ತಂಗಿ ಒಳಗೆ ಕೂತು ಕೇಳಿಸಿಕೊಂಡಳು. ಅಮ್ಮ ಕಿಟಕಿಯಲ್ಲಿ ತಲೆ ತೂರಿಸಿ ಕೇಳಿಸಿಕೊಂಡಳು. "ಸಾರ್, ನೀವೂ ಬಂದು ನೋಡಿ," ಎಂದು ಕೂಗಿದ. ನಾನು ಸ್ಟೂಲು ಬಿಟ್ಟು ಏಳಲಿಲ್ಲ. ಬೇಡದ ಗಾಡಿಯ ವಿವರ ಕೇಳುವುದು ಕೊಳ್ಳದ ಸೀರೆ ಬಿಚ್ಚಿಸಿದ ಹಾಗೆ, ಪಾಪ ಬರುತ್ತದೆ.

ಸಂಜೆ ಅಂಗಡಿಯ ಬಾಗಿಲು ಎಳೆಯುವಾಗ ಮಾತ್ರ ಅದರ ಪಕ್ಕ ನಿಲ್ಲಬೇಕಾಯಿತು. ಅದರ ಬಾಗಿಲಿನಲ್ಲಿ ನನ್ನ ಮುಖ ಕಂಡಿತು. ಕುಂಬಳಕಾಯಿಗೆ ಕಿವಿ ಅಂಟಿಸಿದಂತೆ! ಒಂದು ಹೆಜ್ಜೆ ಸರಿದೆ, ಪಡವಲಕಾಯಿಯಾದೆ. ಮೂರು ತಲೆಮಾರಿನಿಂದ ಕನ್ನಡಿ ಮಾರುವ ಮನೆತನದ ಬಾಗಿಲಲ್ಲಿ ಇಷ್ಟು ಕೆಟ್ಟ ಕನ್ನಡಿ ಬಂದು ನಿಂತಿದೆ ಎಂದರೆ ಇದು ಗಾಡಿಯಲ್ಲ, ಅವಮಾನ.

ಆಗ ನಾನು ನಕ್ಕೆ ಎಂದು ತಂಗಿ ಹೇಳುತ್ತಾಳೆ. ನಕ್ಕಿಲ್ಲ. ಅದು ಆಕಳಿಕೆ.

ಜೂನ್ ೭, ಶನಿವಾರ

ಪಕ್ಕದ ಬೇಕರಿಯವನು ಅದನ್ನು ಮೂರು ಸುತ್ತು ಹಾಕಿ ನನ್ನ ಬಳಿ ಬಂದ.

"ಯಜಮಾನ್ರೇ, ಇದನ್ನ ಯಾವ ಕಡೆಯಿಂದ ನೋಡ್ಬೇಕು?"

"ನೋಡಬೇಡಿ."

"ಅಲ್ಲ, ಮುಂದೆ ಯಾವುದು ಅಂತ ಗೊತ್ತಾದ್ರೆ ದಾರಿ ಬಿಡೋಕಾದ್ರೂ ಆಗುತ್ತಲ್ಲ ಅಂತ ಕೇಳ್ದೆ. ನಮ್ಮನೇಲಿ ಎಲ್ರೂ ಇಸ್ತ್ರಿಪೆಟ್ಟಿಗೆ ಅಂತಾರೆ."

ಅವನದು ಕೆಂಪು ಬಣ್ಣದ ಪಿಕಪ್. ದುಂಡು ಮೂಗು, ಮಿಂಚುವ ದೀಪಗಳು, ಲಕ್ಷಣವಾಗಿದೆ. ಅದರ ಪಕ್ಕ ನಮ್ಮದನ್ನು ನಿಲ್ಲಿಸಿದರೆ ಮದುಮಗನ ಪಕ್ಕ ತಿಜೋರಿ ಇಟ್ಟಂತೆ ಕಾಣುತ್ತದೆ.

ಆದರೆ ನ್ಯಾಯಪೀಠದಲ್ಲಿ ಕೂತವನು ಎರಡೂ ಕಡೆ ಕೇಳಬೇಕು. ಸ್ಟೂಲಿನಲ್ಲಿ ಕೂತೇ ತಂಗಿ ಮಾಲು ಹೇರುವುದನ್ನು ನೋಡಿದೆ. ಕನ್ನಡಿ ಪ್ರಯಾಣ ಮಾಡುವಾಗ ನೆಟ್ಟಗೆ ನಿಲ್ಲಬಾರದು, ಮಲಗಲೂಬಾರದು. ಊಟವಾದಮೇಲೆ ಮಾವನವರು ಗೋಡೆಗೆ ಒರಗಿದ ಹಾಗೆ ಒರಗಿರಬೇಕು. ಬೇರೆ ಪಿಕಪ್‌ಗಳ ತೊಟ್ಟಿಯ ಗೋಡೆಗಳು ನೆಟ್ಟಗಿರುತ್ತವೆ. ಅವುಗಳಲ್ಲಿ ಕನ್ನಡಿ ಒರಗಿಸಲು ಮರದ ಚೌಕಟ್ಟು ಮಾಡಿಸಿ, ಅದನ್ನೂ ಹೊತ್ತು ತಿರುಗಬೇಕು. ಇದರ ತೊಟ್ಟಿಯ ಗೋಡೆಗಳೇ ಹೊರಗಡೆಗೆ ವಾಲಿವೆ. ಸುಮ್ಮನೆ ಕಂಬಳಿ ಹಾಸಿ ಒರಗಿಸಿದರಾಯಿತು. ಇನ್ನೂ ಒಂದು: ಎಡಗಡೆಯ ಸೀಟು ಮಡಚಿ, ಅದರ ಹಿಂದಿನ ಸಣ್ಣ ಬಾಗಿಲು ತೆರೆದರೆ ಎಷ್ಟುದ್ದದ ಕನ್ನಡಿಯಾದರೂ ತೊಟ್ಟಿಯಿಂದ ಡ್ರೈವರಿನ ಪಕ್ಕದವರೆಗೆ ಬಂದು ಕೂರುತ್ತದೆ.

ಮಾಡಿದವನಿಗೆ ಕನ್ನಡಿಯ ಗಂಧಗಾಳಿ ಇದ್ದಿರಲಾರದು. ವಾಲಿದರೆ ಚೆಂದ ಎಂದು ವಾಲಿಸಿರಬೇಕು. ಹೀಗಾಗಿ ಅಂದಕ್ಕೆಂದು ಮಾಡಿದ್ದು ಉಪಯೋಗಕ್ಕೆ ಬಂದಿದೆ. ಉಪಯೋಗಕ್ಕೆಂದು ಮಾಡಿದ ನಡುವಿನ ಸೀಟು ಯಾವ ಉಪಯೋಗಕ್ಕೂ ಇಲ್ಲ, ಅಂದಕ್ಕಂತೂ ಮೊದಲೇ ಇಲ್ಲ. ತೀರ್ಪು ಕಾಯ್ದಿರಿಸಲಾಗಿದೆ.

ಜೂನ್ ೧೦, ಮಂಗಳವಾರ

ಬಾಗಿಲು ತೆಗೆಯಲು ಹೋಗಿ ನೋಡುತ್ತೇನೆ, ಅದರ ಮೈತುಂಬ ಬೆರಳಚ್ಚು! ಬೀದಿಯಲ್ಲಿ ಹೋಗುವವರೆಲ್ಲ ಮುಟ್ಟಿ ಹೋಗಿದ್ದಾರೆ. ಒಬ್ಬ ಮಹಾನುಭಾವ ಅಂಗೈಯನ್ನೇ ಒತ್ತಿದ್ದಾನೆ, ಭವಿಷ್ಯ ಕೇಳುವವನ ಹಾಗೆ.

ಗಾಡಿ ನನ್ನದಲ್ಲ, ನನಗೆ ಸಂಬಂಧವಿಲ್ಲ. ಆದರೆ ಹೊಳೆಯುವ ವಸ್ತುವಿನ ಮೇಲೆ ಬೆರಳಚ್ಚು ಕಂಡರೆ ನನಗೆ ಹಲ್ಲಿನಲ್ಲಿ ನಾರು ಸಿಕ್ಕಿಕೊಂಡಂತಾಗುತ್ತದೆ. ನೀರಿಗೆ ವಿನಿಗರ್ ಬೆರೆಸಿ, ಹಳೇ ಪತ್ರಿಕೆ ಮುದ್ದೆ ಮಾಡಿ, ಕನ್ನಡಿ ಒರೆಸುವ ಕ್ರಮದಲ್ಲೇ ಮೇಲಿಂದ ಕೆಳಕ್ಕೆ ಒರೆಸಿದೆ. ಈ ಸೇವೆ ಉಕ್ಕಿಗಲ್ಲ, ವೃತ್ತಿಧರ್ಮಕ್ಕೆ.

ಅಮ್ಮ ಕಾಫಿ ಹಿಡಿದು ಬಂದು ನಿಂತಳು. "ಏನೋ, ತಗಡಪ್ಪನಿಗೆ ಅಭ್ಯಂಜನ ಆಗ್ತಿದೆಯಾ?"

"ತಗಡಪ್ಪ ಅಂತೆ! ಅದಕ್ಕೊಂದು ಹೆಸರು ಬೇರೆ."

"ಕಿವಿ ಹಿಂದೆ ತಿಕ್ಕಿಲ್ಲ ನೋಡು."

ತಿಕ್ಕಿದೆ. ಹೊರಗಿನ ಕನ್ನಡಿಯ ಹಿಂದೆ ನಿಜಕ್ಕೂ ಕೊಳೆಯಿತ್ತು.

ಜೂನ್ ೧೧, ಬುಧವಾರ

ಒರೆಸಿದೆ.

ಜೂನ್ ೧೨, ಗುರುವಾರ

ಒರೆಸಿದೆ. ಬೇಕರಿಯವನ ಕೆಂಪು ಗಾಡಿಯ ಮೇಲೆ ಹಿಟ್ಟಿನ ಧೂಳು ಕೂತಿದೆ. ಅವನು ಗಮನಿಸಿದಂತಿಲ್ಲ. ಕೆಲವರಿಗೆ ಗಾಡಿ ಇಟ್ಟುಕೊಳ್ಳುವ ಯೋಗ್ಯತೆ ಇರುವುದಿಲ್ಲ.

ಜೂನ್ ೧೪, ಶನಿವಾರ

ನಾನು ಹೇಳಿದ್ದೇ ಆಯಿತು. ನಡುವಿನ ಸೀಟು ಕೈಕೊಟ್ಟಿತು. ಅಥವಾ ಕೈ ಕೊಡಲಿಲ್ಲ ಎನ್ನಬೇಕೋ.

ಅಂಗಡಿ ಸಂಕೀರ್ಣದ ಬ್ಯೂಟಿ ಪಾರ್ಲರಿಗೆ ಕನ್ನಡಿ ಕೊಡಲು ತಂಗಿ ಹೋಗಿದ್ದಳು. ಅಲ್ಲಿ ಗಾಡಿ ಒಳಗೆ ಬಿಡಬೇಕಾದರೆ ಬಲಗಡೆಯ ಕಿಟಕಿಯಿಂದ ಕೈ ಚಾಚಿ ಯಂತ್ರದ ಗುಂಡಿ ಒತ್ತಿ ಚೀಟಿ ತೆಗೆದುಕೊಳ್ಳಬೇಕು. ಆಮೇಲೆ ಅಡ್ಡಪಟ್ಟಿ ಏಳುತ್ತದೆ. ನಡುವೆ ಕೂತವಳ ಕೈ ಅಲ್ಲಿಗೆ ಹೇಗೆ ಮುಟ್ಟಬೇಕು? ಬೆಲ್ಟು ಬಿಚ್ಚಿ, ಪಕ್ಕದ ಸೀಟಿನ ಮೇಲೆ ತೆವಳಿ, ಬಾಗಿಲು ತೆಗೆದು ಇಳಿದು, ಚೀಟಿ ತೆಗೆದುಕೊಂಡು, ಮತ್ತೆ ತೆವಳಿ ಒಳಗೆ ಬರುವಷ್ಟರಲ್ಲಿ ಹಿಂದಿದ್ದವರೆಲ್ಲ ಹಾರ್ನು ಹೊಡೆದು ಬೈದರಂತೆ.

"ಒಬ್ಬನಂತೂ ನಿಮ್ಮನೇಲಿ ಗಂಡಸರು ಯಾರೂ ಇಲ್ವಾ ಅಂತ ಕೇಳ್ದ," ಎಂದಳು ತಂಗಿ.

"ನೀನೇನಂದೆ?"

"ಇದಾರೆ, ಸ್ಟೂಲಿನ ಮೇಲೆ ಅಂದೆ."

ಅಮ್ಮ ಸೌಟು ಕೆಳಗಿಟ್ಟಳು. ಅಮ್ಮ ಸೌಟು ಕೆಳಗಿಟ್ಟರೆ ಅದು ಶುಭಸೂಚನೆಯಲ್ಲ. "ಲೋ, ಬೀದೀಲಿ ಹೋಗೋರೆಲ್ಲ ಆ ಹುಡುಗೀನ ಅಂತಾರಂತೆ. ನೀನಿಲ್ಲಿ ಕೂತು ಧೂಳು ಒರೆಸ್ಕೊಂಡಿರು. ಒಂದು ಚೀಟಿ ಕೀಳೋಕೆ ನಿನಗೆ ಮಂಡಿನೋವು ಅಡ್ಡ ಬರುತ್ತಾ?"

"ಗಲ್ಲಾದಲ್ಲಿ ಯಾರು ಕೂರ್ತಾರೆ?"

"ನಾನು ಕೂರ್ತೀನಿ. ಕನ್ನಡಿ ಮಾರೋದೇನು ಬ್ರಹ್ಮವಿದ್ಯೆನಾ? ಇಷ್ಟಗಲ, ಇಷ್ಟುದ್ದ, ಒಡೆದ್ರೆ ನಿಮ್ಮ ಹಣೆಬರಹ."

ಮಂಗಳವಾರ ಒಂದು ದಿನದ ಮಟ್ಟಿಗೆ ಹೋಗಲು ಒಪ್ಪಿದ್ದೇನೆ. ಚೀಟಿಗಾಗಿ ಮಾತ್ರ. ಗಾಡಿಯ ಬಗೆಗಿನ ನನ್ನ ಅಭಿಪ್ರಾಯಕ್ಕೂ ಇದಕ್ಕೂ ಸಂಬಂಧವಿಲ್ಲ ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಜೂನ್ ೧೭, ಮಂಗಳವಾರ

ಇಂದಿನ ಸಾಧನೆ: ಚೀಟಿ ತೆಗೆದುಕೊಂಡೆ. ಗುಂಡಿ ಒತ್ತಿದೆ, ನಾಲಗೆ ಚಾಚಿದ ಹಾಗೆ ಚೀಟಿ ಹೊರಬಂತು, ಅಡ್ಡಪಟ್ಟಿ ಮೇಲೆದ್ದಿತು. ಇಷ್ಟು ಗೌರವ ನನಗೆ ಇತ್ತೀಚೆಗೆ ಯಾರೂ ಕೊಟ್ಟಿರಲಿಲ್ಲ. ಇಡೀ ದಿನದಲ್ಲಿ ಮೂರು ಕಡೆ ಇಂಥ ಯಂತ್ರಗಳು ಸಿಕ್ಕವು. ಮೂರನೆಯದರ ಹೊತ್ತಿಗೆ ನನ್ನ ಕೈ ಚೆನ್ನಾಗಿ ಪಳಗಿತ್ತು.

ದಾರಿಯಲ್ಲಿ ಟ್ರಾಫಿಕ್ ಪೊಲೀಸು ಕೈ ಅಡ್ಡ ಹಿಡಿದ. ನೇರ ನನ್ನ ಕಿಟಕಿಗೆ ಬಂದು, "ಲೈಸೆನ್ಸ್ ತೋರ್ಸಿ," ಎಂದ.

"ಓಡಿಸ್ತಿರೋದು ನಾನಲ್ಲ ಸ್ವಾಮಿ."

"ಮತ್ಯಾರು?" ಎಂದು ಆಚೆ ಕಿಟಕಿಗೆ ಸುತ್ತಿಕೊಂಡು ಹೋದ. ಅಲ್ಲಿ ತೊಟ್ಟಿಯಿಂದ ಒಳಗೆ ಚಾಚಿಕೊಂಡಿದ್ದ ಉದ್ದನೆಯ ಕನ್ನಡಿ ಇತ್ತು. ಕನ್ನಡಿಯ ಮುಖವನ್ನು ಎಂದೂ ರಸ್ತೆಗೆ ತೋರಿಸಬಾರದು, ಎದುರಿನವರ ಕಣ್ಣು ಕುಕ್ಕುತ್ತದೆ ಎಂದು ತಂಗಿಗೆ ನೂರು ಸಲ ಹೇಳಿದ್ದೇನೆ; ಇವತ್ತೂ ಹೊರಮುಖ ಮಾಡಿ ಇಟ್ಟಿದ್ದಳು. ಪೊಲೀಸು ಬಗ್ಗಿ ಇಣುಕಿದ. ಒಳಗಿನಿಂದಲೂ ಒಬ್ಬ ಪೊಲೀಸು ಬಗ್ಗಿ ಇಣುಕಿದ. ಇವನು ಒಂದು ಕ್ಷಣ ನಿಂತ, ಟೋಪಿ ಸರಿಮಾಡಿಕೊಂಡ, ಮೀಸೆಯ ಒಂದು ತುದಿ ತೀಡಿದ, "ಹೂಂ, ಹೋಗಿ," ಎಂದ.

ಮುಂದಿನ ತಿರುವಿನವರೆಗೂ ನಾವಿಬ್ಬರೂ ತುಟಿ ಕಚ್ಚಿಕೊಂಡಿದ್ದೆವು. ತಿರುವು ದಾಟಿದ ಮೇಲೆ ತಂಗಿ ಗಾಡಿಯನ್ನು ಬದಿಗೆ ನಿಲ್ಲಿಸಬೇಕಾಯಿತು. ಅವಳಿಗೆ ನಗು ತಡೆಯಲಾಗಲಿಲ್ಲ. ನನಗೂ ಸ್ವಲ್ಪ ಆಕಳಿಕೆ ಬಂತು.

ವಾಪಸು ಬಂದರೆ ಅಮ್ಮ ಸ್ಟೂಲಿನ ಮೇಲೆ ರಾಣಿಯ ಹಾಗೆ ಕೂತಿದ್ದಳು. ನನ್ನವಳು ಹಾಸಿದ್ದ ದಿಂಬನ್ನು ತೆಗೆದು ಕೊಡವಿ, ಬಿಸಿಲಿಗೆ ಹಾಕಿದ್ದಳು. ಅವಳು ಹೋದಮೇಲೆ ಅದನ್ನು ಯಾರೂ ಎತ್ತಿರಲಿಲ್ಲ. ಬಿಸಿಲು ಕಂಡು ಚೆನ್ನಾಗಿ ಉಬ್ಬಿದೆ.

ಜೂನ್ ೧೯, ಗುರುವಾರ

ವ್ಯಾಪಾರದಲ್ಲಿ ಒಂದು ವಿಚಿತ್ರ ಕಂಡಿದ್ದೇನೆ. ಬೀದಿಯಲ್ಲಿ ಹೋಗುವವರು ಗಾಡಿಯ ಬಾಗಿಲಲ್ಲಿ ಮುಖ ನೋಡಿಕೊಳ್ಳುತ್ತಾರೆ. ಕುಂಬಳಕಾಯಿ ಕಾಣುತ್ತದೆ. ಗಾಬರಿಯಾಗುತ್ತಾರೆ. ಸಮಾಧಾನಕ್ಕಾಗಿ ನೇರ ಅಂಗಡಿಯೊಳಗೆ ಬಂದು ನಮ್ಮ ಕನ್ನಡಿಯ ಮುಂದೆ ನಿಲ್ಲುತ್ತಾರೆ. ತಮ್ಮ ಮುಖ ಇದ್ದ ಹಾಗೇ ಇರುವುದನ್ನು ಕಂಡು ಎಷ್ಟು ಸಂತೋಷಪಡುತ್ತಾರೆಂದರೆ, ಆ ಕನ್ನಡಿಯನ್ನೇ ಕಟ್ಟಿಸಿಕೊಂಡು ಹೋಗುತ್ತಾರೆ.

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎಂಬ ಗಾದೆ ನಮ್ಮ ಕಸುಬಿಗೆ ಮಾಡಿದ ಹಾನಿಯನ್ನೆಲ್ಲ ಈ ತಗಡಪ್ಪ ಒಬ್ಬನೇ ನಿಂತು ತುಂಬಿಕೊಡುತ್ತಿದ್ದಾನೆ.

ಅಂದ ಇಲ್ಲ ಅಂದಮಾತ್ರಕ್ಕೆ ನಿಷ್ಪ್ರಯೋಜಕ ಎನ್ನುವಂತಿಲ್ಲ. ಅಂದವಿಲ್ಲದಿರುವುದೇ ಅವನ ಪ್ರಯೋಜನ.

ಜೂನ್ ೨೧, ಶನಿವಾರ

ಮೈಯೆಲ್ಲ ನೋವು. ಆದರೂ ಬರೆದೇ ಮಲಗಬೇಕು.

ನೃತ್ಯಶಾಲೆಯ ಒಂದು ಇಡೀ ಗೋಡೆಗೆ ಕನ್ನಡಿ ಕೂರಿಸುವ ಕೆಲಸ ನಮ್ಮದಾಗಿತ್ತು. ಅಲ್ಲಿ ಚೀಟಿ ಯಂತ್ರ ಇಲ್ಲವಾದ್ದರಿಂದ ನಾನು ಹೋಗಲಿಲ್ಲ. ತಂಗಿ ಕೂಲಿಯವರನ್ನು ಕರೆದುಕೊಂಡು ಹೋಗಿದ್ದಳು. ಹತ್ತು ಗಂಟೆಯ ಹೊತ್ತಿಗೆ ಅವಳ ಫೋನು.

"ಅಣ್ಣಾ, ಗೋಡೆ ಡೊಂಕು. ಎರಡನೇ ಕನ್ನಡಿ ಮೊದಲನೇದಕ್ಕೆ ಸೇರ್ತಿಲ್ಲ."

"ರಸಮಟ್ಟ ಇಟ್ಟು ನೋಡು. ಗುಳ್ಳೆ ಎಲ್ಲಿದೆ?"

"ಗುಳ್ಳೆ ನಡುವೇನೇ ಇದೆ. ಡ್ಯಾನ್ಸ್ ಮೇಷ್ಟ್ರು ನಡುವಿಲ್ಲ."

"ಅಂದ್ರೆ?"

ಮೇಷ್ಟ್ರೇ ಫೋನು ಕಿತ್ತುಕೊಂಡರು. "ಅಂದ್ರೆ, ನಾನು ಕನ್ನಡಿ ಮುಂದೆ ನಿಂತ್ರೆ ನನ್ನ ಹೊಟ್ಟೆ ಒಂದು ಕಡೆ, ಬೆನ್ನು ಇನ್ನೊಂದು ಕಡೆ ಹೋಗ್ತಿದೆ ಸ್ವಾಮಿ! ಹೊಟ್ಟೆ ಹೋದ್ರೆ ನನಗೆ ಬೇಜಾರಿಲ್ಲ. ಆದ್ರೆ ಮಕ್ಕಳು ಮುದ್ರೆ ಹಿಡಿದ್ರೆ ಎಂಟು ಬೆರಳು ಕಾಣ್ತಿವೆ. ನಾನು ಏನಂತ ಕಲಿಸ್ಲಿ?"

ಫೋನಿನಲ್ಲೇ ಹೇಳಿಕೊಟ್ಟೆ. ಹಿಂದೆ ತೆಳು ಪಟ್ಟಿ ಕೊಡು ಎಂದೆ, ಕೊಟ್ಟಳು. ಈಗ ಏಳು ಬೆರಳು ಎಂದಳು. ಪಟ್ಟಿ ಕೆಳಗಿಳಿಸು ಎಂದೆ. ಈಗ ಮೇಷ್ಟ್ರಿಗೆ ಎರಡು ಮೂಗು ಎಂದಳು.

ನಾನು ಫೋನು ಹಿಡಿದುಕೊಂಡೇ ಎದ್ದುಬಿಟ್ಟಿದ್ದೆನಂತೆ. ಅಮ್ಮ ಆಗಲೇ ಸ್ಟೂಲಿನಲ್ಲಿ ಕೂತಾಗಿತ್ತು. ತಂಗಿ ನನ್ನನ್ನು ಕರೆದೊಯ್ಯಲು ಗಾಡಿ ತಂದಳು. ನನ್ನ ಹಳೆಯ ಕೈಗವಸು, ಗಾಜಿಗೆ ಕಚ್ಚಿಕೊಳ್ಳುವ ರಬ್ಬರ್ ಬಟ್ಟಲುಗಳು ಎಲ್ಲ ತಗಡಪ್ಪನ ಸೀಟಿನ ಕೆಳಗೇ ಇದ್ದವು. ಯಾರು ಇಟ್ಟರೋ.

ಹಾಕಿದ್ದನ್ನೆಲ್ಲ ಬಿಚ್ಚಿಸಿದೆ. ಡೊಂಕು ಗೋಡೆಗೆ ಸಿಟ್ಟು ಮಾಡಿದರೆ ಪ್ರಯೋಜನವಿಲ್ಲ. ಅದರ ಡೊಂಕನ್ನು ಒಪ್ಪಿಕೊಂಡು ಕನ್ನಡಿಯ ಬೆನ್ನಿಗೆ ದಪ್ಪ ತೆಳು ಪಟ್ಟಿ ಕೊಡುತ್ತಾ ಬರಬೇಕು. ಒಂದರ ಅಂಚು ಇನ್ನೊಂದಕ್ಕೆ ತಾಗುವಲ್ಲಿ ಉಗುರು ಆಡಿಸಿದರೆ ಉಗುರಿಗೆ ಗೊತ್ತಾಗಬಾರದು. ಸಂಜೆಯಾಯಿತು. ಮೇಷ್ಟ್ರು ಕನ್ನಡಿಯ ಮುಂದೆ ಈ ತುದಿಯಿಂದ ಆ ತುದಿಗೆ ಒಂದು ಸಲ ಕುಣಿದುಕೊಂಡು ಹೋದರು.

"ಆಹಾ! ಈಗ ಒಂದೇ ತುಂಡು ಇದೀನಿ," ಎಂದರು. ಆಮೇಲೆ ಹೊಟ್ಟೆ ಸವರಿಕೊಂಡು, "ಸ್ವಲ್ಪ ದೊಡ್ಡ ತುಂಡೇ," ಎಂದರು.

ಅವರು ದೀಪ ಹಾಕಿದಾಗ ಆ ಗೋಡೆಯುದ್ದದ ಕನ್ನಡಿಯಲ್ಲಿ ಒಬ್ಬ ಮನುಷ್ಯ ರಸಮಟ್ಟ ಹಿಡಿದು ನಿಂತಿದ್ದ. ಎಲ್ಲೋ ನೋಡಿದ ಮುಖ. ಗಡ್ಡ ಮಾತ್ರ ಅಡ್ಡಾದಿಡ್ಡಿ. ಕನ್ನಡಿ ಮಾರುವವನಿಗೆ ಇದು ಶೋಭೆಯಲ್ಲ.

ಜೂನ್ ೨೪, ಮಂಗಳವಾರ

ಕ್ಷೌರ. ಹೊಸ ಅಂಗಿ. ಬೇರೇನಲ್ಲ, ತಗಡಪ್ಪನ ಪಕ್ಕ ನಿಂತರೆ ಹಳೆಯದು ಎದ್ದು ಕಾಣುತ್ತದೆ. ಅವನು ದಿನಾ ಹೊಳೆಯುತ್ತಾನೆ, ಅವನ ಮರ್ಯಾದೆಯನ್ನೂ ನೋಡಬೇಕಲ್ಲ.

ಇಂದು ನಾಲ್ಕು ಕಡೆ ಹೋಗಿದ್ದೆವು. ಒಂದು ಕಡೆಯೂ ಚೀಟಿ ಯಂತ್ರ ಇರಲಿಲ್ಲ ಎಂದು ತಂಗಿ ಹೇಳಿದ ಮೇಲೆಯೇ ನೆನಪಾಯಿತು.

ಜೂನ್ ೨೬, ಗುರುವಾರ

ಬೇಕರಿಯವನು ಇವತ್ತೂ ಇಸ್ತ್ರಿಪೆಟ್ಟಿಗೆ ಎಂದ. "ನೋಡಿ, ನಿಮ್ಮ ಗಾಡಿ ಚೆಂದ ಇರಬಹುದು, ಆದ್ರೆ ಅದಕ್ಕೆ ವ್ಯಕ್ತಿತ್ವ ಇಲ್ಲ," ಎಂದೆ. ಬೇಕರಿಯವನು ತುಂಬ ಹೊತ್ತು ತನ್ನ ಗಾಡಿಯನ್ನೇ ನೋಡುತ್ತಾ ನಿಂತಿದ್ದ. ಹಾಗೆ ಹೇಳಬಾರದಿತ್ತೇನೋ. ಅವನ ಅಂಗಡಿಯ ಬನ್ನು ಕೊಂಡು ಸಮಾಧಾನ ಮಾಡಿದೆ.

ಜೂನ್ ೨೮, ಶನಿವಾರ

ಕಾರ್ಖಾನೆಯಿಂದ ಫೋನು ಬಂದಿತ್ತು. ಸೋಮವಾರ ಸಂಜೆಯೊಳಗೆ ಹೇಳಿಬಿಡಿ ಎಂದರಂತೆ. ತಂಗಿ ನನ್ನ ಮುಖ ನೋಡಲಿಲ್ಲ. ಅಮ್ಮ ಹಳೆಯ ಟ್ರಂಕನ್ನು ಅಟ್ಟದಿಂದ ಇಳಿಸಿ ಹೊರಗಿಟ್ಟಿದ್ದಾಳೆ. ಜಿರಲೆ ನೋಡಲು ಇಳಿಸಿದ್ದು ಎನ್ನುತ್ತಾಳೆ.

ನ್ಯಾಯವಾಗಿ ಯೋಚಿಸೋಣ. ಅಂದ: ಮೊದಲ ದಿನ ಇರಲಿಲ್ಲ, ಈಗ ಅಷ್ಟೊಂದು ಇಲ್ಲ ಎನ್ನುವಂತಿಲ್ಲ. ಕೆಲವರ ಮುಖ ಹಾಗೆ, ಅಭ್ಯಾಸವಾಗಬೇಕು. ತೊಟ್ಟಿ: ಮೆಚ್ಚಬೇಕಾದ್ದೇ. ಮಳೆ ಬಂದಾಗ ಮಾತ್ರ ಒಳಗೆ ಕೂತವರಿಗೆ ತಮಟೆ ಬಾರಿಸಿದಂತೆ ಕೇಳುತ್ತದೆ. ಆಗ ಕೂಗಿ ಮಾತಾಡಬೇಕು, ಅಷ್ಟೆ. ಆದರೆ ಆ ನಡುವಿನ ಸೀಟು? ಒಬ್ಬರೇ ಹೋದರೆ ಒಂದು ಚೀಟಿ ತೆಗೆಯಲಾಗದ ಗಾಡಿಯನ್ನು ಯಾವ ಬುದ್ಧಿವಂತ ಕೊಳ್ಳುತ್ತಾನೆ? ಪ್ರೀತಿ ಬೇರೆ, ವ್ಯವಹಾರ ಬೇರೆ. ಇದೊಂದು ದೋಷ ಇಟ್ಟುಕೊಂಡು ನಾನು ಹೂಂ ಎಂದರೆ ನನ್ನ ಬುದ್ಧಿಗೆ ಏನು ಬೆಲೆ ಉಳಿಯಿತು?

ಮಧ್ಯಾಹ್ನ ಗಾಡಿಯಲ್ಲಿ ಹೋಗುವಾಗ, ಸುಮ್ಮನೆ ತಿಳಿದುಕೊಳ್ಳಲು, "ಅಲ್ಲಿ ಲಾರಿಗಳು ಹೇಗಿವೆ?" ಎಂದು ಕೇಳಿದೆ.

"ಚೆನ್ನಾಗಿವೆ. ಡ್ರೈವರ್ ಸೀಟು ಇರಬೇಕಾದ ಕಡೆ ಇದೆ."

"ಒಳ್ಳೇದಾಯ್ತು."

"ಪಕ್ಕದಲ್ಲಿ ಕೂತು ಹೋಗೋ ಬರೋರಿಗೆಲ್ಲ ಬೈಯೋರು ಯಾರೂ ಇರಲ್ಲ."

"ಇನ್ನೂ ಒಳ್ಳೇದು. ಏಯ್, ಆ ಸೈಕಲ್‌ನವನು ನೋಡೇ, ಅಡ್ಡ ಬರ್ತಾನೆ!"

"ನೋಡ್ದೆ ಕಣಣ್ಣ."

ಅವಳು ಹೋದರೆ ತಗಡಪ್ಪನೂ ವಾಪಸು ಹೋಗುತ್ತಾನೆ. ಅಮ್ಮ ಹೋಗುತ್ತಾಳೆ. ಅಂಗಡಿಯಲ್ಲಿ ಕನ್ನಡಿಗಳಿರುತ್ತವೆ. ಎತ್ತ ನೋಡಿದರೂ ನಾನೇ ಇರುತ್ತೇನೆ.

ಅಷ್ಟೊಂದು ನಾನು ಯಾರಿಗೆ ಬೇಕು?

ಜೂನ್ ೩೦, ಸೋಮವಾರ

ನಗುಮೊಗ ಹನ್ನೊಂದಕ್ಕೆ ಬಂದ. ನಗುತ್ತಲೇ ಬಂದ.

ನಾನು ಬಾಗಿಲಿಗೆ ಹೋಗಿ ನಿಂತಿದ್ದೆ. ತಂಗಿ ಕೈಕಟ್ಟಿ ಗಾಡಿಗೆ ಒರಗಿದ್ದಳು. ಅಮ್ಮ ಗಲ್ಲಾದಲ್ಲಿದ್ದಳು. ರಾತ್ರಿಯಿಡೀ ಸಿದ್ಧಮಾಡಿದ್ದ ಮಾತು ನನ್ನ ಗಂಟಲಲ್ಲಿತ್ತು. ಎಲ್ಲ ಸರಿ, ಆದರೆ ನಡುವಿನ ಸೀಟು, ಎಂದು ಶುರುವಾಗುತ್ತಿತ್ತು. ಹೇಗೆ ಮುಗಿಯುತ್ತದೆಂದು ಮಾತ್ರ ನನಗೇ ತಿಳಿದಿರಲಿಲ್ಲ.

ಅಷ್ಟರಲ್ಲಿ ಬೇಕರಿಯವನು ತನ್ನ ಗಾಡಿ ಹೊರಗೆ ತೆಗೆಯಬೇಕೆಂದು ಹಾರ್ನು ಹೊಡೆದ. "ಒಂದ್ನಿಮಿಷ ಸಾರ್, ನಾನೇ ಹಿಂದೆ ತಗೋತೀನಿ," ಎಂದು ನಗುಮೊಗ ತಗಡಪ್ಪನೊಳಗೆ ಹತ್ತಿದ. ಬಲಗಡೆಯ ಸೀಟನ್ನು ಹಿಂದಕ್ಕೆ ಮಡಚಿದ. ಕೆಳಗೆಲ್ಲೋ ಕೈ ಹಾಕಿ ಒಂದು ಹಿಡಿ ಎತ್ತಿದ. ನಡುವಿನ ಸೀಟು, ಸ್ಟಿಯರಿಂಗು, ಬ್ರೇಕು, ಎಲ್ಲವೂ ಒಟ್ಟಾಗಿ ಸರ್ರನೆ ಜಾರಿಕೊಂಡು ಬಲಗಡೆಯ ಕಿಟಕಿಗೆ ಬಂದು ಟಕ್ಕೆಂದು ನಿಂತವು. ಮೊಣಕೈಯನ್ನು ಕಿಟಕಿಯ ಹೊರಗಿಟ್ಟು, ಸೀಟಿ ಹಾಕುತ್ತಾ ಗಾಡಿಯನ್ನು ಹಿಂದೆ ತೆಗೆದ.

"ಅದೇನ್ರೀ ಅದು?" ಎಂದೆ.

"ಯಾವ್ದು ಸಾರ್? ಓ, ಸೀಟಾ? ಒಬ್ಬರೇ ಹೋಗುವಾಗ ಹೀಗೆ ಪಕ್ಕಕ್ಕೆ ತಗೊಂಡ್ರಾಯ್ತು. ಇದೇ ಸಾರ್ ನಮ್ಮ ಗಾಡಿ ವಿಶೇಷ! ಮೊದಲ ದಿನಾನೇ ತೋರಿಸಿದ್ನಲ್ಲ. ಮೇಡಮ್‌ಗೆ ಎಷ್ಟು ಸಲ ಮಾಡಿಸ್ದೆ! ಅಮ್ಮಾವ್ರೂ ಒಂದು ಸಲ ಎಳೆದು ನೋಡಿದ್ರು."

ತಂಗಿಗೆ ಇದ್ದಕ್ಕಿದ್ದಂತೆ ಆಕಾಶದಲ್ಲಿ ಏನೋ ಕಂಡಿತು. ಅಮ್ಮ ಆಗತಾನೇ ಒರೆಸಿಟ್ಟ ಕನ್ನಡಿಯನ್ನು ಎತ್ತಿಕೊಂಡು ಮತ್ತೆ ಒರೆಸತೊಡಗಿದಳು.

ನಾನು ಗಾಡಿಯನ್ನು ನೋಡಿದೆ. ಹೀಗೆ ಪಕ್ಕಕ್ಕೆ ಸೀಟು ಸರಿದಾಗ ತಗಡಪ್ಪ ಎಲ್ಲರ ಗಾಡಿಯಂತೆಯೇ ಕಂಡ. ಒಬ್ಬರು ಓಡಿಸುವ ಗಾಡಿ. ಬಲಗಡೆ, ನಾನು ಕೂರುವಲ್ಲಿ, ಜಾಗವೇ ಇರಲಿಲ್ಲ. ದೋಷವೆಲ್ಲ ಕಳೆದು ಇಷ್ಟು ಅನುಕೂಲವಾದ ವಸ್ತುವನ್ನು ನೋಡಿ ನನಗೆ ಯಾಕೋ ಸಮಾಧಾನವಾಗಲಿಲ್ಲ.

"ಆ ಹಿಡೀನ ಬಿಚ್ಚಿ ತೆಗೀಬಹುದಾ?" ಎಂದು ಕೇಳಿದೆ.

"ಸಾರ್?"

"ಸೀಟು ನಡುವೇನೇ ಇರ್ಬೇಕು. ಮತ್ತೆ ಅಲ್ಲಾಡದ ಹಾಗೆ ಬೋಲ್ಟು ಹಾಕಿ ಬಿಗಿದು ಕೊಡಿ. ಹಾಗಾದ್ರೆ ಗಾಡಿ ನಮ್ಮದು."

ನಗುಮೊಗನ ಮುಖದಲ್ಲಿ ನಗು ಇಲ್ಲದ್ದನ್ನು ಮೊದಲ ಸಲ ನೋಡಿದೆ. "ಜನ ಇದಕ್ಕೇ ತಗೋತಾರೆ ಸಾರ್…"

"ತಗೊಳ್ಳಿ. ನಾವು ಗಾಜಿನವರು. ನಮ್ಮ ಗಾಡೀಲಿ ಜಾರೋ ವಸ್ತು ಒಂದೂ ಇರಕೂಡದು."

ಇದು ಶುದ್ಧ ತಾಂತ್ರಿಕ ಕಾರಣ. ಯಾವ ಕನ್ನಡಿ ವ್ಯಾಪಾರಿಯನ್ನು ಕೇಳಿದರೂ ಇದನ್ನೇ ಹೇಳುತ್ತಾನೆ.

ಅಮ್ಮ ಕನ್ನಡಿ ಕೆಳಗಿಟ್ಟು, ಟ್ರಂಕಿನಲ್ಲಿ ಜಿರಲೆ ಇಲ್ಲವೆಂದು ಘೋಷಿಸಿ, ಅದನ್ನು ಅಟ್ಟಕ್ಕೆ ಹಾಕು ಎಂದು ನನಗೇ ಹೇಳಿದಳು. ನಾನು ಟ್ರಂಕು ಹೊತ್ತು ಏಣಿ ಹತ್ತುತ್ತಿರುವಾಗ ತಂಗಿ ಹೊರಗೆ ನಿಂತು ಕಾರ್ಖಾನೆಯವರ ಜೊತೆ ಫೋನಿನಲ್ಲಿ ಮಾತಾಡುವುದು ಕೇಳಿಸಿತು.

"ಇಲ್ಲ ಸಾರ್, ಬರೋಕಾಗಲ್ಲ. ಮನೇಲಿ ತೊಂದರೆ. ನಮ್ಮಣ್ಣನಿಗೆ ಚೀಟಿ ತಗೊಳ್ಳೋ ಹುಚ್ಚು ಹತ್ತಿದೆ, ಒಬ್ಬನೇ ಬಿಟ್ಟು ಬರೋ ಹಾಗಿಲ್ಲ."

ನಾಳೆ ಅಂಗಡಿ ಸಂಕೀರ್ಣಕ್ಕೆ ಎರಡು ಕನ್ನಡಿ ಹೋಗಬೇಕು. ದಾರಿ ಉದ್ದವಿದೆ. ಈ ಸುಳ್ಳು ಆರೋಪಕ್ಕೆ ಉತ್ತರವನ್ನು ಅಲ್ಲೇ ಪಕ್ಕದಲ್ಲಿ ಕೂತು ಕೊಡುತ್ತೇನೆ.